ಫೋಟೊ ಕಾರ್ಡಾಗುವುದು ಬೆನ್ನ ಕಡೆಯಿಂದ

ನಾವೇ ತೆಗೆದ ಫೋಟೊವನ್ನು ಅಂಚೆಯಲ್ಲಿ ಕಳಿಸುವ ಪೋಸ್ಟ್‌ಕಾರ್ಡಾಗಿ ಮಾಡಬೇಕೆಂದಿದ್ದರೆ, ಮೊದಲು ಕಲರ್ ಲ್ಯಾಬಿನಿಂದ ತಂದ ನಾಲ್ಕು-ಆರು ಇಂಚಿನ ಫೋಟೊವನ್ನು ಮಗುಚಿ ನೋಡಿ. ಬೆಳ್ಳಗೆ, ನುಣ್ಣಗೆ ಇರುತ್ತದೆ. ಮೇಲೆ ತೆಳು ಬೂದು ಬಣ್ಣದಲ್ಲಿ ಪೇಪರ್ ಕಂಪನಿಯ ಹೆಸರು ಸಾಲುಸಾಲಾಗಿ ಅಚ್ಚಾಗಿರುತ್ತದೆ. ಅದರ ಮೇಲೆ ಜೆಲ್ ಪೆನ್ನಿನಲ್ಲಿ ಒಂದು ಹೆಸರು ಬರೆದು, ಐದು ನಿಮಿಷ ಬಿಟ್ಟು ಹೆಬ್ಬೆರಳಿನಿಂದ ಸವರಿದರೆ ಹೆಸರು ಹೋಗಿ ಮಸಿಯ ಗೀರು ಉಳಿಯುತ್ತದೆ. ಅಂಚೆಚೀಟಿಗೆ ನೀರು ಸವರಿ ಅಂಟಿಸಿದರೆ ಹಸಿ ಇರುವಷ್ಟು ಹೊತ್ತು ಕೂತಿರುತ್ತದೆ. ಒಣಗಿದ ಮೇಲೆ ಉಗುರು ತಾಗಿದರೆ ಸಾಕು, ಇಡಿಯಾಗಿ ಎದ್ದು ಬರುತ್ತದೆ. ಈಚೆ ಬದಿಗೆ ಚಿತ್ರದುರ್ಗದ ಕೋಟೆಯ ಎಂಥ ಒಳ್ಳೆಯ ಚಿತ್ರವಿದ್ದರೂ, ಈ ಬೆನ್ನು ಹೊತ್ತುಕೊಂಡು ಅದು ಜಪಾನಿಗೋ ಫಿನ್ಲೆಂಡಿಗೋ ಸೇರುತ್ತದೆಂಬ ಭರವಸೆ ಇಲ್ಲ.

ಕಾರಣ ಕಾಗದದೊಳಗೇ ಇದೆ. ಲ್ಯಾಬಿನ ಫೋಟೊ ಕಾಗದಕ್ಕೆ ಎರಡೂ ಬದಿಯಲ್ಲಿ ಪಾಲಿಥೀನ್ ಪದರ ಹೊದಿಸಿರುತ್ತಾರೆ. ರಾಸಾಯನಿಕದಲ್ಲಿ ಅದ್ದಿ ತೆಗೆಯುವಾಗ ನಡುವಿನ ಕಾಗದ ನೀರು ಕುಡಿಯಬಾರದು, ಬೇಗ ಒಣಗಬೇಕು ಎಂಬುದಕ್ಕೆ ಈ ಏರ್ಪಾಡು. ಫೋಟೊಗೆ ಅದು ರಕ್ಷಣೆ, ಬರೆಯುವವರಿಗೆ ತೊಡಕು. ಮಸಿ, ಗೋಂದು, ಅಂಚೆ ಮೊಹರಿನ ಎಣ್ಣೆಮಸಿ ಯಾವುದಕ್ಕೂ ಒಳಗೆ ಇಳಿಯಲು ದಾರಿಯಿಲ್ಲ. ಆಲ್ಬಮ್ಮಿನಲ್ಲಿಡುವ ಫೋಟೊಗೂ ಅಂಚೆಯಲ್ಲಿ ಲಕೋಟೆಯಿಲ್ಲದೆ ಹೋಗಬೇಕಾದ ಕಾರ್ಡಿಗೂ ಇರುವ ವ್ಯತ್ಯಾಸವೆಲ್ಲ ಈ ಹಿಂಬದಿಯಲ್ಲಿದೆ. ಆದ್ದರಿಂದ ಕಾರ್ಡು ಮಾಡಹೊರಟವರು ಮೊದಲು ಯೋಚಿಸಬೇಕಾದ್ದು ಹಿಂಬದಿಯನ್ನು.

ಪೋಸ್ಟ್‌ಕಾರ್ಡಿನ ಚರಿತ್ರೆಯೂ ಹೆಚ್ಚುಕಡಿಮೆ ಹಿಂಬದಿಯದೇ ಚರಿತ್ರೆ. ಚಿತ್ರವಿಲ್ಲದ ಬರೀ ಕಾರ್ಡು ಮೊದಲು ಹೊರಟಿದ್ದು 1869ರ ಅಕ್ಟೋಬರ್ 1ರಂದು, ಆಸ್ಟ್ರಿಯಾ-ಹಂಗೆರಿಯಲ್ಲಿ. ನಮ್ಮಲ್ಲಿಗೆ ಬಂದಿದ್ದು 1879ರ ಜುಲೈಯಲ್ಲಿ, ಕಾಲಾಣೆಗೆ ಒಂದರಂತೆ. ಆಗ ಕಾರ್ಡಿನ ಒಂದು ಬದಿ ಪೂರ್ತಿ ವಿಳಾಸಕ್ಕೇ ಮೀಸಲು. ಬರೆಯುವುದೆಲ್ಲ ಇನ್ನೊಂದು ಬದಿಗೆ, ಚಿತ್ರವಿದ್ದರೆ ಅದರ ಪಕ್ಕದಲ್ಲೇ ಸಂದಿಗೊಂದಿಯಲ್ಲಿ. 1902ರಲ್ಲಿ ಬ್ರಿಟನ್, 1907ರಲ್ಲಿ ಅಮೆರಿಕ ವಿಳಾಸದ ಬದಿಯನ್ನು ಎರಡು ಪಾಲು ಮಾಡಿ ಎಡಗಡೆ ಬರೆಯಲು ಬಿಟ್ಟವು. ಆಮೇಲೆ ಎದುರು ಬದಿ ಇಡಿಯಾಗಿ ಚಿತ್ರಕ್ಕೆ ಸಿಕ್ಕಿತು. ಕೊಡಕ್ ಕಂಪನಿ 1903ರಲ್ಲಿ ತಂದ 3ಎ ಕ್ಯಾಮೆರಾದ ನೆಗೆಟಿವ್ ಮೂರೂಕಾಲು-ಐದೂವರೆ ಇಂಚು, ಅಂದರೆ ಕಾರ್ಡಿನಷ್ಟೇ ದೊಡ್ಡದು. ಅದನ್ನು ಮುದ್ರಿಸಲು ಹಿಂಬದಿಯಲ್ಲಿ ಪೋಸ್ಟ್‌ಕಾರ್ಡಿನ ಗೆರೆಗಳು ಮೊದಲೇ ಅಚ್ಚಾದ ಫೋಟೊ ಕಾಗದ ಸಿಗುತ್ತಿತ್ತು. ಊರೂರಿನ ಸ್ಟುಡಿಯೊದವರು ಜಾತ್ರೆ, ಸೇತುವೆ, ನೆರೆ ಎಲ್ಲವನ್ನೂ ಕಾರ್ಡಾಗಿಸಿ ಮಾರಿದ್ದು ಆ ಕಾಗದದ ಬಲದಿಂದ. ಈಗ ನಮ್ಮೂರ ಲ್ಯಾಬುಗಳಲ್ಲಿ ಆ ಕಾಗದವಿಲ್ಲ. ಹಿಂಬದಿಯನ್ನು ನಾವೇ ಕಟ್ಟಿಕೊಳ್ಳಬೇಕು.

2005ರ ಜುಲೈಯಲ್ಲಿ ಪೋರ್ಚುಗಲ್‌ನ ಪಾವ್ಲೊ ಮಗಲ್ಯಾಯ್ಸ್ ಶುರುಮಾಡಿದ ಪೋಸ್ಟ್‌ಕ್ರಾಸಿಂಗ್ ಎಂಬ ಕಾರ್ಡು ವಿನಿಮಯದ ಜಾಲತಾಣ, ಕಾರ್ಡು ಕಳಿಸುವ ಹವ್ಯಾಸಕ್ಕೆ ಮತ್ತೆ ಜೀವ ಕೊಟ್ಟಿತು. ಯಾರೋ ಅಪರಿಚಿತರಿಗೆ ಒಂದು ಕಾರ್ಡು ಕಳಿಸಿದರೆ, ಇನ್ಯಾರೋ ಅಪರಿಚಿತರಿಂದ ನಿಮಗೊಂದು ಬರುತ್ತದೆ. ಹೊಸಬರು ಒಂದು ಸಲಕ್ಕೆ ಐದು ಕಾರ್ಡು ಕಳಿಸಬಹುದು. ಅವು ತಲುಪಿ ನೋಂದಣಿಯಾದಂತೆ ಮಿತಿ ನಿಧಾನವಾಗಿ ಏರುತ್ತದೆ. ಕಾಶ್ಮೀರ, ತಾಜ್ ಮಹಲು, ಕೇರಳದ ದೋಣಿಮನೆಗಳ ಕಾರ್ಡು ಎಲ್ಲ ಕಡೆ ಸಿಗುತ್ತವೆ. ಜೋಗಿಮಟ್ಟಿಯ ಗಾಳಿಗಿರಣಿಯದ್ದು, ಸಂತೇಬೆನ್ನೂರಿನ ಪುಷ್ಕರಣಿಯದ್ದು, ಚಳ್ಳಕೆರೆ ಕಡೆಯ ಕಾವಲಿನಲ್ಲಿ ಮೇಯುವ ಅಮೃತಮಹಲ್ ದನಗಳದ್ದು ಅಂಗಡಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ನಾವೇ ಮಾಡಿದ ಕಾರ್ಡಿಗೆ ಬೆಲೆ ಬರುವುದು ಇಲ್ಲಿ. ಆದರೆ ವಿನಿಮಯ ಮಾಡುವವರಲ್ಲಿ ಹಲವರು ‘ಮನೆಯಲ್ಲಿ ಮಾಡಿದ ಕಾರ್ಡು ಬೇಡ’ ಎಂದು ತಮ್ಮ ಪರಿಚಯದಲ್ಲೇ ಬರೆದಿರುತ್ತಾರೆ. ಅವರಿಗೆ ಬೇಸರ ತರಿಸಿದ್ದು ಚಿತ್ರವಾಗಿರಲಾರದು. ಸುರುಳಿ ಸುತ್ತಿದ, ಪದರ ಬಿಟ್ಟ, ಹೆಸರು ಅಳಿಸಿಹೋದ ಕಾರ್ಡುಗಳು ತಂದಿಟ್ಟ ಕೆಟ್ಟ ಹೆಸರು ಅದು.

ಮೊದಲು ಚಿತ್ರದ ವಿಷಯ. ಮೊಬೈಲಿನ 12 ಮೆಗಾಪಿಕ್ಸೆಲ್ ಫೋಟೊ 4032×3024 ಇರುತ್ತದೆ, ಅಂದರೆ 4:3ರ ಅನುಪಾತ. ನಾಲ್ಕು-ಆರು ಪ್ರಿಂಟು 3:2. ಲ್ಯಾಬಿನವರು ಅಗಲಕ್ಕೆ ಹೊಂದಿಸಿ ಮೇಲೆ ಕೆಳಗೆ ಸೇರಿ 336 ಪಿಕ್ಸೆಲ್, ಎಂದರೆ ಎತ್ತರದ ಒಂಬತ್ತರಲ್ಲೊಂದು ಪಾಲು, ಕತ್ತರಿಸುತ್ತಾರೆ. ಗೋಪುರದ ಕಳಸ ಹೋಗುವುದು, ನಿಂತವರ ಪಾದ ಹೋಗುವುದು ಹೀಗೇ. ಕತ್ತರಿಸುವ ಕೆಲಸ ನೀವೇ ಮಾಡಿ 3:2ಕ್ಕೆ ತಂದು ಕೊಡಿ. ಅಂಚಿಗೆ ಇನ್ನೂ ಮೂರು ಮಿಲಿಮೀಟರ್ ಹೋದರೂ ನಷ್ಟವಾಗದಂತೆ ಮುಖ್ಯವಾದದ್ದನ್ನು ಒಳಗಿಡಿ. ಇಂಚಿಗೆ 300 ಚುಕ್ಕಿ ಲೆಕ್ಕದಲ್ಲಿ 1800×1200 ಪಿಕ್ಸೆಲ್ ಇದ್ದರೆ ಸಾಕು, ಅದಕ್ಕಿಂತ ಹೆಚ್ಚಿನದು ಈ ಅಳತೆಯಲ್ಲಿ ಕಣ್ಣಿಗೆ ಕಾಣುವುದಿಲ್ಲ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಹಿಂಡಿಹೋಗುತ್ತದೆ, ಆಕಾಶದಲ್ಲಿ ಚೌಕಚೌಕ ಕಲೆ ಏಳುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೆ ಪೆನ್ ಡ್ರೈವಿನಲ್ಲಿ ಕೊಡಿ.

ಪರದೆಯ ಮೇಲೆ ಚೆನ್ನಾಗಿ ಕಂಡ ಚಿತ್ರ ಕಾಗದದ ಮೇಲೆ ಒಂದು ಪಾಲು ಕತ್ತಲಾಗಿ ಬರುತ್ತದೆ. ಪರದೆ ತಾನೇ ಬೆಳಗುತ್ತದೆ, ಕಾಗದ ಬೇರೆ ಬೆಳಕನ್ನು ತಿರುಗಿಸಿ ಕೊಡುತ್ತದೆ. ಮೊಬೈಲಿನ ಬೆಳಕನ್ನು ಅರ್ಧಕ್ಕೆ ಇಳಿಸಿಕೊಂಡು ಚಿತ್ರ ತಿದ್ದಿದರೆ ಈ ಮೋಸ ಬಹಳಷ್ಟು ತಪ್ಪುತ್ತದೆ. ನಮ್ಮ ಕೋಟೆಗೆ ಇದು ಇನ್ನೂ ಹೆಚ್ಚು ಅನ್ವಯ. ಒನಕೆ ಓಬವ್ವನ ಕಿಂಡಿಯನ್ನೇ ತೆಗೆದುಕೊಳ್ಳಿ: ಸಂದಿಯೊಳಗೆ ಕತ್ತಲು, ಬಂಡೆಯ ನೆತ್ತಿಯ ಮೇಲೆ ಸುಡುವ ಬಿಸಿಲು. ನಡುಮಧ್ಯಾಹ್ನ ತೆಗೆದರೆ ಕಿಂಡಿ ಕರಿ ಮಚ್ಚೆ, ಆಕಾಶ ಬಿಳಿ ಕಾಗದ. ಚಿತ್ರದ ಸುತ್ತ ಬಿಳಿ ಅಂಚು ಬಿಟ್ಟಿದ್ದರಂತೂ ಆಕಾಶ ಎಲ್ಲಿ ಮುಗಿಯಿತು, ಅಂಚು ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಬೆಳಿಗ್ಗೆ ಬೇಗ ಅಥವಾ ಸಂಜೆ, ಓರೆ ಬಿಸಿಲಿನಲ್ಲಿ, ಇಲ್ಲವೆ ತೆಳು ಮೋಡ ಕವಿದಾಗ ತೆಗೆಯಿರಿ. ಕಣಶಿಲೆಯ ಉರುಟು, ಉಳಿಯ ಗುರುತು ಆಗಲೇ ಕಾಣುವುದು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೂ ಡ್ರೋನ್‌ಗೂ ಅನುಮತಿ ಬೇಕು, ಕೈಯಲ್ಲಿ ಹಿಡಿದ ಕ್ಯಾಮೆರಾಕ್ಕೆ ತಕ್ಕ ಬೆಳಕನ್ನೇ ಹುಡುಕಿಕೊಳ್ಳಬೇಕು.

ದಾವಣಗೆರೆಯ ಬೆಣ್ಣೆದೋಸೆಗೆ ಸಮಸ್ಯೆ ಬೇರೆ. ಹೋಟೆಲಿನ ದೀಪದಡಿ ಬೆಣ್ಣೆ ಹಳದಿಯಾಗಿ, ಚಟ್ನಿ ಹಸಿರುಮಿಶ್ರಿತ ಬೂದಾಗಿ ಬರುತ್ತದೆ. ತಟ್ಟೆಯನ್ನು ಬಾಗಿಲ ಪಕ್ಕದ ಮೇಜಿಗೆ ತಂದು, ಹೊರಗಿನ ಬೆಳಕು ಎದುರಿನಿಂದ ಓರೆಯಾಗಿ ಬೀಳುವಂತೆ ಇಟ್ಟರೆ ಬೆಣ್ಣೆ ಹೊಳೆಯುತ್ತದೆ, ದೋಸೆಯ ಗರಿ ಎದ್ದು ಕಾಣುತ್ತದೆ. ಮಂಡಕ್ಕಿಯ ರಾಶಿ ತೆಗೆಯುವಾಗ ಕ್ಯಾಮೆರಾ ಅಷ್ಟೂ ಬಿಳಿಯನ್ನು ಕಂಡು ಬೆಚ್ಚಿ ಬೂದು ಮಾಡುತ್ತದೆ. ಎಕ್ಸ್‌ಪೋಷರ್ ಅನ್ನು, ಎಂದರೆ ಚಿತ್ರಕ್ಕೆ ಸಿಗುವ ಬೆಳಕನ್ನು, ಎರಡು ಮೆಟ್ಟಿಲು (+0.7) ಏರಿಸಿಕೊಳ್ಳಿ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರ ಮುಖ ಕಾರ್ಡಿನ ಮೇಲೆ ಬರುವುದಾದರೆ ಕೇಳಿಯೇ ತೆಗೆಯಬೇಕು, ಒಂದು ಪ್ರಿಂಟು ಅವರಿಗೂ ಕೊಡಬೇಕು.

ಇನ್ನು ಕಾರ್ಡು ಮಾಡುವ ಕೆಲಸ. ಎರಡು ದಾರಿಗಳಿವೆ. ಒಂದೊಂದು ಕಾರ್ಡಿಗೂ ಬೇರೆ ಚಿತ್ರ, ಬೇಕಾಗಿರುವುದು ನಾಲ್ಕೈದು ಮಾತ್ರ ಎಂದಾದರೆ ಲ್ಯಾಬ್ ಪ್ರಿಂಟಿಗೆ ಸ್ಟಿಕ್ಕರ್ ಕಾಗದದ ಬೆನ್ನು ಕೊಡುವುದು ಒಳ್ಳೆಯದು. ಬಣ್ಣದ ಮಟ್ಟಿಗೆ ಇದನ್ನು ಮೀರಿಸುವುದು ಕಷ್ಟ. ಲ್ಯಾಬಿನಲ್ಲಿ ಹೊಳಪಿಲ್ಲದ ಮ್ಯಾಟ್ ಕೇಳಿ. ಗ್ಲಾಸಿಯ ಮೇಲೆ ಬೆರಳಚ್ಚು, ಅಂಚೆಯ ಯಂತ್ರದ ಪಟ್ಟಿ ಉಜ್ಜಿದ ಕಪ್ಪು ಗೀರು ಬಹಳ ಬೇಗ ಕಾಣುತ್ತವೆ.

ಸ್ಟೇಷನರಿ ಅಂಗಡಿಯಲ್ಲಿ ಎ4 ಅಳತೆಯ ಸ್ಟಿಕ್ಕರ್ ಹಾಳೆ ಸಿಗುತ್ತದೆ. ಹೊಳಪಿಲ್ಲದ ಸಾದಾ ಕಾಗದದ್ದೇ ಬೇಕು; ಹೊಳಪಿನದು ತಂದರೆ ಮತ್ತದೇ ಹಳೆಯ ತೊಂದರೆ. ಹಾಳೆಯನ್ನು ಅಡ್ಡ ಉದ್ದ ಮಧ್ಯಕ್ಕೆ ಕತ್ತರಿಸಿದರೆ 148×105 ಮಿಲಿಮೀಟರಿನ ನಾಲ್ಕು ತುಂಡು. ಫೋಟೊ ಇರುವುದು 152×102. ಉದ್ದದಲ್ಲಿ ಸ್ಟಿಕ್ಕರ್ ಎರಡೂ ಕಡೆ ಎರಡೆರಡು ಮಿಲಿಮೀಟರ್ ಕಡಿಮೆ, ಅಗಲದಲ್ಲಿ ತುಸು ಹೆಚ್ಚು. ಅಳತೆ ಕೂಡಲಿಲ್ಲ ಎಂದು ಚಿಂತೆ ಬೇಡ, ಅಂಟಿಸಿದ ಮೇಲೆ ಎರಡನ್ನೂ ಒಟ್ಟಿಗೆ 147×100ಕ್ಕೆ ಕತ್ತರಿಸಬೇಕು. ಅಂಚೆಯ ಕನಿಷ್ಠ ಅಳತೆ 140×90, ನಾವು ಅದಕ್ಕಿಂತ ಮೇಲೇ ಇದ್ದೇವೆ. ಒಟ್ಟಿಗೆ ಕತ್ತರಿಸಿದ್ದರಿಂದ ಎರಡು ಪದರದ ಅಂಚು ಒಂದೇ ಸಮ ಬರುತ್ತದೆ, ಯಂತ್ರದ ಪಟ್ಟಿಗೆ ಸಿಕ್ಕಿ ಏಳಲು ತುದಿಯೇ ಇರುವುದಿಲ್ಲ.

ಗೆರೆ, ಶೀರ್ಷಿಕೆ ಎಲ್ಲ ಸ್ಟಿಕ್ಕರ್ ಹಾಳೆಯ ಮೇಲೆ ಜೆರಾಕ್ಸ್ ಅಂಗಡಿಯಲ್ಲಿ ಲೇಸರ್ ಪ್ರಿಂಟ್ ಹಾಕಿಸಿಕೊಳ್ಳಿ. ನೂರಕ್ಕೆ ನೂರು ಅಳತೆಯಲ್ಲಿ ಹಾಕಿ ಎಂದು ಹೇಳಬೇಕು. ಪುಟಕ್ಕೆ ಹೊಂದಿಸುವ ಆಯ್ಕೆ ಒತ್ತಿದ್ದರೆ ಎಲ್ಲವೂ ತುಸು ಕುಗ್ಗಿ ನಾಲ್ಕೂ ತುಂಡು ಲೆಕ್ಕ ತಪ್ಪುತ್ತವೆ. ಅಂಟಿಸುವ ಮುಂಚೆ ಫೋಟೊದ ಹಿಂಬದಿಯನ್ನು ಒಣ ಹತ್ತಿಬಟ್ಟೆಯಿಂದ ಒರೆಸಿ. ನಮ್ಮ ಬಯಲುಸೀಮೆಯ ಧೂಳು ಒಂದು ಕಣ ಒಳಗೆ ಉಳಿದರೂ ಚಿತ್ರದ ಬದಿಗೆ ಗುಳ್ಳೆಯಂತೆ ಎದ್ದು ಕಾಣುತ್ತದೆ. ಸ್ಟಿಕ್ಕರಿನ ಹಿಂದಿನ ನುಣುಪು ಕಾಗದವನ್ನು ಪೂರ್ತಿ ಸುಲಿಯಬೇಡಿ. ಒಂದು ತುದಿಯಲ್ಲಿ ಒಂದು ಸೆಂಟಿಮೀಟರ್ ಸುಲಿದು ಮಡಚಿ, ಆ ಪಟ್ಟಿಯನ್ನು ನೇರಕ್ಕೆ ಕೂರಿಸಿ. ಆಮೇಲೆ ಒಂದು ಕೈಯಲ್ಲಿ ಕಾಗದ ಎಳೆಯುತ್ತ ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಸ್ಕೇಲಿನಿಂದ ಒತ್ತುತ್ತ ಬನ್ನಿ. ಒಂದು ರಾತ್ರಿ ದಪ್ಪ ಪುಸ್ತಕಗಳ ಅಡಿ ಇಡಿ. ಮರುದಿನ ಚಿತ್ರದ ಬದಿ ಮೇಲಿಟ್ಟು, ಸ್ಟೀಲ್ ಸ್ಕೇಲ್ ಹಿಡಿದು ಕಟರ್‌ನಿಂದ ಹಗುರವಾಗಿ ಮೂರು ಸಲ ಎಳೆದು ಕತ್ತರಿಸಿ. ಬ್ಲೇಡು ಇಳಿಯುವ ಬದಿ ಚೊಕ್ಕವಾಗಿರುತ್ತದೆ, ಹೊರಬರುವ ಬದಿ ಎಳೆ ಬಿಡುತ್ತದೆ. ಅದಕ್ಕೇ ಚಿತ್ರ ಮೇಲಿರಬೇಕು. ಎಂಟು-ಹತ್ತು ಕಾರ್ಡಿಗೊಮ್ಮೆ ಬ್ಲೇಡಿನ ತುದಿ ಮುರಿದು ಹೊಸ ಮೊನೆ ತಂದುಕೊಳ್ಳಿ.

ಸ್ಟಿಕ್ಕರಿನ ಬದಲು ಫೆವಿಕಾಲ್ ಹಚ್ಚಿ ದಪ್ಪ ಕಾಗದ ಅಂಟಿಸಬಾರದೇ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಫೆವಿಕಾಲ್ ಗಟ್ಟಿಯಾಗಬೇಕಾದರೆ ಅದರ ನೀರು ಎಲ್ಲಿಗಾದರೂ ಹೋಗಬೇಕು. ಫೋಟೊ ಕಡೆ ಪಾಲಿಥೀನ್, ಹೋಗಲಾಗದು. ನೀರೆಲ್ಲ ದಪ್ಪ ಕಾಗದಕ್ಕೇ ಇಳಿದು ಅದು ಉಬ್ಬಿ, ಒಣಗುವಾಗ ಕುಗ್ಗಿ, ಕಾರ್ಡನ್ನು ದೋಣಿಯಂತೆ ಬಗ್ಗಿಸುತ್ತದೆ. ಹಿಡಿತವೂ ಒಂದೇ ಕಡೆ. ಗ್ಲೂ ಸ್ಟಿಕ್ ಹಚ್ಚಿದ್ದು ಚಿತ್ರದುರ್ಗದ ಮಾರ್ಚ್-ಏಪ್ರಿಲ್ ಬಿಸಿಲಿಗೆ ಒಣಗಿ ಸಿಪ್ಪೆಯಂತೆ ಬಿಡುತ್ತದೆ. ಅಂಚಿಗೆ ಮಾತ್ರ ಡಬಲ್ ಸೈಡ್ ಟೇಪ್ ಹಾಕಿದರೆ ನಡುವೆ ಗಾಳಿ ಉಳಿದು ಹೊಟ್ಟೆ ಬರುತ್ತದೆ.

ಬಾಗುವುದಕ್ಕೆ ಹವೆಯೂ ಕಾರಣ. ಫೋಟೊದ ಚಿತ್ರವಿರುವ ಪದರ ಜೆಲಾಟಿನ್. ಒಣಹವೆಯಲ್ಲಿ ಅದು ಕುಗ್ಗಿ ಕಾರ್ಡು ಚಿತ್ರದ ಕಡೆಗೆ ಮುದುರುತ್ತದೆ, ಮಳೆಗಾಲದಲ್ಲಿ ಸಡಿಲಾಗುತ್ತದೆ. ಮಾಡಿದ ಕಾರ್ಡುಗಳನ್ನು ಬಿಡಿಬಿಡಿಯಾಗಿ ಮೇಜಿನ ಮೇಲೆ ಬಿಡದೆ ಕಟ್ಟಿನಲ್ಲಿ, ಭಾರದ ಅಡಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ನೇರವಾಗಿರುತ್ತವೆ.

ಒಂದೇ ಚಿತ್ರ ಹತ್ತಿಪ್ಪತ್ತು ಬೇಕಾದರೆ ಎರಡನೆಯ ದಾರಿ: ಡಿಜಿಟಲ್ ಪ್ರಿಂಟಿಂಗ್. ದಾವಣಗೆರೆಯಲ್ಲಿ ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡು ಮಾಡುವ ಅಂಗಡಿಗಳಲ್ಲೇ ಇದು ಆಗುತ್ತದೆ. 13×19 ಇಂಚಿನ ಹಾಳೆಯಲ್ಲಿ ನಾಲ್ಕು-ಆರರ ಒಂಬತ್ತು ಕಾರ್ಡು ಹಿಡಿಯುತ್ತವೆ, ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು. ಪ್ರತಿ ಕಾರ್ಡಿನ ಸುತ್ತ ಇಂಚಿನ ಹದಿನಾರರಲ್ಲೊಂದು ಭಾಗ ಚಿತ್ರವನ್ನು ಹೊರಗೆ ಚಾಚಿಸಿದರೂ ಒಟ್ಟು ಹನ್ನೆರಡೂವರೆಯೊಳಗೆ, ಹದಿನೆಂಟೂವರೆಯೊಳಗೆ ಮುಗಿಯುತ್ತದೆ. ಸುತ್ತ ಉಳಿಯುವ ಎಂಟು ಮಿಲಿಮೀಟರ್ ಯಂತ್ರ ಹಿಡಿದುಕೊಳ್ಳಲು ಬೇಕು. ಕಾಗದ ಕೇಳುವಾಗ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವುದು), ಒಂದು ಬದಿಗೆ ಮಾತ್ರ ನುಣುಪಿರುವ ಹಾಳೆ ಎಂದು ಬಿಡಿಸಿ ಹೇಳಿ. ಸುಮ್ಮನೆ ಆರ್ಟ್ ಕಾರ್ಡ್ ಎಂದರೆ ಎರಡೂ ಬದಿ ನುಣುಪಿನದು ಕೊಡುತ್ತಾರೆ. ಅದರ ಮೇಲೆ ಬಾಲ್ ಪೆನ್ ಹೇಗೋ ಓಡುತ್ತದೆ, ಆದರೆ ಮೊಹರಿನ ಮಸಿ ಒಣಗದೆ ಮೇಲಿನ ಕಾರ್ಡಿನ ಚಿತ್ರಕ್ಕೆ ಅಂಟುತ್ತದೆ. 300 ಜಿಎಸ್‌ಎಂನ ಒಂದು ಕಾರ್ಡು ನಾಲ್ಕೂವರೆ ಗ್ರಾಂ ಚಿಲ್ಲರೆ ತೂಗುತ್ತದೆ, ಸ್ಟಿಕ್ಕರ್ ಬೆನ್ನಿನದು ಐದು ಗ್ರಾಂ ಆಸುಪಾಸು.

ಈ ದಾರಿಯಲ್ಲಿ ಬಣ್ಣ ಕೈಕೊಡುತ್ತದೆ. ಮುದ್ರಣದ ನಾಲ್ಕು ಬಣ್ಣಗಳಿಗೆ ಗಾಢ ನೀಲಿ ಎಟುಕುವುದಿಲ್ಲ. ವಾಣಿವಿಲಾಸ ಸಾಗರದ ಮೇಲಿನ ಆಕಾಶ ನೇರಳೆಗೆ ತಿರುಗುತ್ತದೆ. ನೀಲಿಯ ಗಾಢತೆಯನ್ನು ಮೊದಲೇ ತುಸು ಇಳಿಸಿ, ಒಂದು ಹಾಳೆ ಪ್ರೂಫ್ ತೆಗೆಸಿ, ಅಂಗಡಿಯ ಹೊರಗೆ ಹಗಲು ಬೆಳಕಿನಲ್ಲಿ ನೋಡಿ ಮುಂದುವರಿಯಿರಿ. ಎರಡು ಬದಿಯ ಮುದ್ರಣ ಒಂದೆರಡು ಮಿಲಿಮೀಟರ್ ಅತ್ತಿತ್ತ ಸರಿಯುವುದು ಸಹಜ, ಹಾಗಾಗಿ ಹಿಂಬದಿಯಲ್ಲಿ ಅಂಚಿಗೆ ಹತ್ತಿರವಾಗಿ ಚೌಕಟ್ಟು ಎಳೆಯಬೇಡಿ. ಸರಿದದ್ದು ಎದ್ದು ಕಾಣುತ್ತದೆ. ಅಂಗಡಿಯವರು ಲ್ಯಾಮಿನೇಷನ್ ಮಾಡಿಸಿ ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಒಂದೇ ಬದಿಗೆ ಪ್ಲಾಸ್ಟಿಕ್ ಬಂದರೆ ತೇವಕ್ಕೆ ಕಾಗದ ಹಿಗ್ಗುತ್ತದೆ, ಪ್ಲಾಸ್ಟಿಕ್ ಹಿಗ್ಗುವುದಿಲ್ಲ. ಕಾರ್ಡು ಚಿತ್ರದ ಕಡೆಗೆ ಬಾಗುತ್ತದೆ. ಬೇಡವೆನ್ನುವುದೇ ಮೇಲು. ಮೂಲೆ ಗುಂಡಾಗಿಸುವ ಪಂಚ್ ಇದ್ದರೆ ಮಾತ್ರ ಖಂಡಿತ ಬಳಸಿ, ಮೂಲೆ ಮಡಚುವುದು ತಪ್ಪುತ್ತದೆ.

ಈಗ ಆ ಹಿಂಬದಿ. ನಡುವೆ ಸರಿಯಾಗಿ ಗೆರೆ ಎಳೆದರೆ 147ರಲ್ಲಿ ಬಲಕ್ಕೆ ಸಿಗುವುದು ಎಪ್ಪತ್ಮೂರೂವರೆ ಮಿಲಿಮೀಟರ್. ನಮ್ಮ ಸ್ಮರಣಾರ್ಥ ಅಂಚೆಚೀಟಿಗಳಲ್ಲಿ ಬಹಳಷ್ಟು 39×29ರವು. ಎರಡನ್ನು ಪಕ್ಕಪಕ್ಕ ಇಟ್ಟರೆ ಎಪ್ಪತ್ತೆಂಟು, ಗೆರೆ ದಾಟಿ ಬರಹದ ಮೇಲೆ ಬರುತ್ತದೆ. ಹೊರದೇಶಕ್ಕೆ ಒಂದಕ್ಕಿಂತ ಹೆಚ್ಚು ಚೀಟಿ ಬೇಕಾಗುವುದೇ ಹೆಚ್ಚು. ಆದ್ದರಿಂದ ಗೆರೆಯನ್ನು ಎಡಕ್ಕೆ ಸರಿಸಿ: ಬರೆಯಲು 63, ವಿಳಾಸಕ್ಕೆ 84. ವಿಳಾಸದ ಪಾಲು ಅರ್ಧಕ್ಕಿಂತ ಕಡಿಮೆಯಾಗಬಾರದೆಂಬ ನಿಯಮಕ್ಕೂ ಇದು ಸರಿ. ಎತ್ತರದಲ್ಲಿ ಮೇಲೆ ಐದು ಬಿಟ್ಟು ಚೀಟಿಗೆ 29, ಕೆಳಗೆ 15 ಪೂರ್ತಿ ಖಾಲಿ. ಉಳಿದ ಐವತ್ತೊಂದರಲ್ಲಿ ಎಂಟೆಂಟು ಮಿಲಿಮೀಟರಿನ ಐದು ಸಾಲು ವಿಳಾಸ ನಿರಾಳವಾಗಿ ಕೂರುತ್ತದೆ. ಕೆಳಗಿನ ಖಾಲಿ ಜಾಗ ಎಡಬದಿಗೂ ಅನ್ವಯ. ಜರ್ಮನಿಯ ಯಂತ್ರಗಳು ಕೇಸರಿ ಬಣ್ಣದ ಗೆರೆಗಳನ್ನು, ಅಮೆರಿಕದವು ಬಾರ್‌ಕೋಡನ್ನು ಅಲ್ಲೇ ಹೊಡೆಯುತ್ತವೆ. ನೀವು ಪ್ರೀತಿಯಿಂದ ಬರೆದ ಕೊನೆಯ ಸಾಲು ಅದರಡಿ ಹೋಗುತ್ತದೆ.

ಎಡಗಡೆ ಮೇಲ್ಭಾಗದಲ್ಲಿ ಚಿತ್ರದ ವಿವರ ಅಚ್ಚು ಹಾಕಿಸಿ. ‘ಪುರಾತನ ದೇವಾಲಯ, ಭಾರತ’ ಎಂದಷ್ಟೇ ಬರೆದರೆ ಪಡೆದವರಿಗೆ ಏನೂ ತಿಳಿಯುವುದಿಲ್ಲ. ‘ಹರಿಹರೇಶ್ವರ ದೇವಾಲಯ, ಹರಿಹರ, ದಾವಣಗೆರೆ ಜಿಲ್ಲೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ್ದು. ಶಿವ, ವಿಷ್ಣು ಒಂದೇ ಮೂರ್ತಿಯಲ್ಲಿ’ ಎಂದರೆ ಮೂರೇ ಸಾಲಿನಲ್ಲಿ ಅವರಿಗೆ ಕೇಳಲು ನೂರು ಪ್ರಶ್ನೆ ಸಿಗುತ್ತವೆ. ಇಂಗ್ಲಿಷಿನ ಕೆಳಗೆ ಊರಿನ ಹೆಸರನ್ನು ಕನ್ನಡದಲ್ಲೂ ಹಾಕಿ. ನಮ್ಮ ಅಕ್ಷರದ ಗುಂಡು ನೋಡಿ ಸಂತೋಷಪಡುವವರು ಬಹಳ.

ಕೈಯಲ್ಲಿ ಬರೆಯಲು ಬಾಲ್ ಪೆನ್ನೇ ಸಾಕು, ಆದರೆ ಗಟ್ಟಿ ಮೇಜಿನ ಮೇಲೆ, ಒತ್ತದೆ. ಮೆತ್ತನೆಯದರ ಮೇಲಿಟ್ಟು ಒತ್ತಿ ಬರೆದರೆ ಅಕ್ಷರಗಳೆಲ್ಲ ಚಿತ್ರದ ಬದಿಯಲ್ಲಿ ತಗ್ಗುದಿಣ್ಣೆಯಾಗಿ ಕಾಣುತ್ತವೆ. ಪೋಸ್ಟ್‌ಕ್ರಾಸಿಂಗ್ ಕೊಡುವ ಕಾರ್ಡಿನ ಗುರುತಿನ ಸಂಖ್ಯೆಯನ್ನು ಎರಡು ಕಡೆ ಬರೆಯಿರಿ, ಒಂದರ ಮೇಲೆ ಮೊಹರು ಬಿದ್ದರೆ ಇನ್ನೊಂದು ಉಳಿಯುತ್ತದೆ. ಅದಿಲ್ಲದೆ ತಲುಪಿದ ಕಾರ್ಡನ್ನು ನೋಂದಾಯಿಸಲು ಪಡೆದವರು ಪಡುವ ಪಾಡು ಅಷ್ಟಿಷ್ಟಲ್ಲ. ವಿಳಾಸ ಅವರು ಕೊಟ್ಟ ಲಿಪಿಯಲ್ಲೇ ಇರಲಿ, ಕೊನೆಯ ಸಾಲಿನಲ್ಲಿ ದೇಶದ ಹೆಸರು ಮಾತ್ರ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ. ಯುರೋಪಿನಲ್ಲಿ 1 ಎಂಬ ಅಂಕಿಯನ್ನು ಉದ್ದ ಕೊಕ್ಕೆ ಹಾಕಿ ಬರೆಯುತ್ತಾರೆ. ನಾವು ಬರೆದ 7 ಅವರ ಕಣ್ಣಿಗೆ 1 ಆಗಬಹುದು. ಏಳಿನ ನಡುವೆ ಅಡ್ಡಗೆರೆ ಎಳೆದರೆ ಗೊಂದಲವಿಲ್ಲ.

ಅಂಚೆದರ ಆಗಾಗ ಬದಲಾಗುತ್ತದೆ, ಹೋದಾಗಲೆಲ್ಲ ಕೌಂಟರಿನಲ್ಲಿ ಕೇಳಿಯೇ ಚೀಟಿ ಕೊಳ್ಳಿ. ಪ್ರಧಾನ ಅಂಚೆ ಕಚೇರಿಯಲ್ಲಿ ಬಣ್ಣದ ಚೀಟಿಗಳು ಸಿಗುವ ಸಂಭವ ಹೆಚ್ಚು. ಚೀಟಿಯ ಗೋಂದು ದುರ್ಬಲವೆನಿಸಿದರೆ ಮೂಲೆಗಳಿಗೆ ಅಲ್ಲಿಯದೇ ಗೋಂದನ್ನು ತೆಳ್ಳಗೆ ಸವರಿ. ಹೆಚ್ಚಾಗಿ ಹೊರಬಂದದ್ದು ಪಕ್ಕದ ಕಾರ್ಡನ್ನು ಕಚ್ಚುತ್ತದೆ. ಡಬ್ಬಿಗೆ ಹಾಕುವ ಬದಲು ಕೌಂಟರಿಗೆ ಕೊಟ್ಟು, ‘ಸರ್, ಸೀಲು ಚೀಟಿ ಮೂಲೆಗೆ ಸ್ವಲ್ಪ ಮೆಲ್ಲಗೆ ಒತ್ತಿ, ಸಂಗ್ರಹಕ್ಕೆ ಹೋಗ್ತದೆ’ ಎಂದರೆ ಬಹುತೇಕರು ಮುತುವರ್ಜಿಯಿಂದ ಒತ್ತಿಕೊಡುತ್ತಾರೆ. ಪಡೆಯುವವರಿಗೆ ಚಿತ್ರದುರ್ಗದ ಹೆಸರಿರುವ ಆ ದುಂಡು ಮೊಹರು ಚಿತ್ರದಷ್ಟೇ ಪ್ರಿಯ. ಲಕೋಟೆಯೊಳಗಿಟ್ಟು ಕಳಿಸಿದರೆ ಕಾರ್ಡಿಗೆ ಅದು ಸಿಗುವುದಿಲ್ಲ.

ಕಳಿಸುವ ಮುಂಚೆ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಬೇರೆಯವರಿಗೆ ತೋರಿಸುವಾಗ ವಿಳಾಸ ಮುಚ್ಚಿ. ಪೋಸ್ಟ್‌ಕ್ರಾಸಿಂಗ್‌ನಲ್ಲಿ ಅರವತ್ತು ದಿನ ದಾಟಿದರೆ ಕಾರ್ಡು ಅವಧಿ ಮೀರಿದ ಪಟ್ಟಿಗೆ ಹೋಗುತ್ತದೆ, ಆದರೂ ಒಂದು ವರ್ಷದೊಳಗೆ ತಲುಪಿದರೆ ನೋಂದಾಯಿಸಬಹುದು, ಕಾಯಬೇಕು.

ಒಂಬತ್ತು ಕಾರ್ಡಿನ ಹಾಳೆ ಮಾಡಿಸಿದಾಗ ಎಂಟನ್ನೇ ಲೆಕ್ಕಕ್ಕೆ ಹಿಡಿಯಿರಿ. ಒಂಬತ್ತನೆಯದಕ್ಕೆ ನಿಮ್ಮದೇ ವಿಳಾಸ ಬರೆದು, ಚೀಟಿ ಅಂಟಿಸಿ, ಬೇರೆ ಊರಿನ ಅಂಚೆ ಡಬ್ಬಿಯಿಂದ ಕಳಿಸಿ. ಹಿರಿಯೂರಿನಿಂದಲೋ ಹರಿಹರದಿಂದಲೋ ಮನೆಗೆ ಬಂದ ಮೇಲೆ ಕಿಟಕಿ ಬಳಿ ಹಿಡಿದು ನೋಡಿ: ಚೀಟಿಯ ನಾಲ್ಕು ಮೂಲೆ ಕೂತಿವೆಯೇ, ಮೊಹರು ಹರಡಿದೆಯೇ, ಅಂಚಿನ ಬಣ್ಣ ಚಕ್ಕೆ ಎದ್ದಿದೆಯೇ, ಮೇಜಿನ ಮೇಲಿಟ್ಟರೆ ತಟ್ಟೆಯಂತೆ ಅಲುಗುತ್ತದೆಯೇ. ಅಷ್ಟೂ ಸರಿಯಿದ್ದರೆ ಉಳಿದ ಎಂಟಕ್ಕೆ ವಿಳಾಸ ಬರೆಯಲು ಕೂರಬಹುದು.